ಹಿಲ್ಡಾ ಟೀಚರ್ ಎಳೆದ ಗೆರೆ

ಒಂಬತ್ತನೇ ತರಗತಿಯ ಮಕ್ಕಳಿಗೆ ಷಟ್ಪದಿಯ ಲಕ್ಷಣ ವಿವರಿಸುತ್ತಿದ್ದಾಗ ಹಿಲ್ಡಾ ಮಿನೇಜಸ್‌ಳ ಮಾತು ಅರ್ಧದಲ್ಲಿ ನಿಂತುಹೋಯಿತು. ಸೀಮೆಸುಣ್ಣ ಕೈಯಲ್ಲೇ ಇತ್ತು, ಕಣ್ಣು ತೆರೆದೇ ಇತ್ತು. ಟೀಚರಿಗೆ ಸಿಟ್ಟು ಬಂದಿದೆ ಎಂದುಕೊಂಡು ಮಕ್ಕಳು ತೆಪ್ಪಗೆ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಮಾತು ಮರಳಿತು, ಅವಳು ಪಾಠ ಮುಗಿಸಿದಳು, ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಗಂಡನ ಸ್ಕೂಟರಿನಲ್ಲಿ ಬರುವಾಗ ಮತ್ತೆ ಹಾಗೆಯೇ ಆಯಿತು. ಆಲ್ಬನ್ ಏನೋ ಕೇಳಿದ, ಉತ್ತರ ಬರಲಿಲ್ಲ. ಅವನು ತಿರುಗಿ ನೋಡಿದಾಗ ಹೆಂಡತಿಯ ಬಾಯಿ ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚುತ್ತಿತ್ತು. ಸ್ಕೂಟರನ್ನು ಅವನು ಮನೆಗೆ ಬಿಡಲಿಲ್ಲ, ನೇರ ಆಸ್ಪತ್ರೆಗೆ ಬಿಟ್ಟ.

ಮಂಗಳೂರಿನ ಹೊರವಲಯದ ಆ ನರರೋಗ ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರೀಪತಿ ಕೆದಿಲಾಯರು ಮಿದುಳಿನ ಶಸ್ತ್ರಚಿಕಿತ್ಸಕರು. ಮಾತು ಕಡಿಮೆ, ಸುತ್ತಿಬಳಸಿ ಹೇಳುವ ಅಭ್ಯಾಸವಿಲ್ಲ. ಪರದೆಯ ಮೇಲೆ ಹಿಲ್ಡಾಳ ಮಿದುಳಿನ ಚಿತ್ರ ತೋರಿಸಿ, ಎಡಭಾಗದಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಗಡ್ಡೆ ಇದೆ, ನಿಧಾನಕ್ಕೆ ಬೆಳೆಯುವ ಜಾತಿಯದ್ದು, ತೆಗೆಯಲೇಬೇಕು ಎಂದರು. ಆಮೇಲೆ ಅದರ ಅಂಚಿನ ಒಂದು ಚುಕ್ಕೆಯನ್ನು ತೋರಿಸಿದರು.

"ನಿಮ್ಮ ಕೊಂಕಣಿ ಇಲ್ಲಿ ಉಂಟು."

ಎರಡು ಮೂರು ಭಾಷೆ ಬಲ್ಲವರ ಮಿದುಳಿನಲ್ಲಿ ಆ ಭಾಷೆಗಳಿಗೆಲ್ಲ ಸಾಮಾನ್ಯವಾದ ಜಾಗವೂ ಇರುತ್ತದೆ, ಒಂದೊಂದಕ್ಕೆ ಸೇರಿದ ಸಣ್ಣ ಸ್ವಂತ ಜಾಗವೂ ಇರುತ್ತದೆ. ಹಿಲ್ಡಾ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡುತ್ತ ಬೆಳೆದವಳು. ಕನ್ನಡವೂ ತುಳುವೂ ಗಡ್ಡೆಯಿಂದ ದೂರ ಇದ್ದವು. ಕೊಂಕಣಿ ಮಾತ್ರ ಅದಕ್ಕೆ ಅಂಟಿಕೊಂಡಂತಿತ್ತು. ಗಡ್ಡೆಯನ್ನು ಪೂರ್ತಿ ತೆಗೆದರೆ ಕೊಂಕಣಿಯೂ ಅದರ ಜೊತೆ ಹೋಗುತ್ತದೆ.

ಹಿಂದಾದರೆ ಇಂಥ ಸಂದರ್ಭದಲ್ಲಿ ವೈದ್ಯರು ಹೇಳುತ್ತಿದ್ದರು, ರೋಗಿ ತಲೆಯಾಡಿಸುತ್ತಿದ್ದ. ಮೌನಪಟ್ಟಿ ಬಂದ ಮೇಲೆ ಅದು ಬದಲಾಯಿತು. ಹಣೆಯ ಸುತ್ತ ಕಟ್ಟುವ ಈ ಪಟ್ಟಿ ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ತಲೆಬುರುಡೆಯೊಳಗಿನ ಒಂದೇ ಬಿಂದುವಿಗೆ ಕಳಿಸುತ್ತದೆ. ಅಲ್ಲಿನ ಜೀವಕೋಶಗಳು ತೂಕಡಿಸುತ್ತವೆ. ಪಟ್ಟಿ ಬಿಚ್ಚಿದರೆ ಎಚ್ಚರಗೊಳ್ಳುತ್ತವೆ. ಶಸ್ತ್ರಚಿಕಿತ್ಸೆಯಿಂದ ಏನು ಕಳೆದುಹೋಗಬಹುದೋ ಅದನ್ನು ಮೊದಲೇ ಒಂದು ದಿನ ಕಳೆದುಕೊಂಡು ನೋಡಬಹುದು. ಇದು ಸಾಧ್ಯವಾದ ಮೇಲೆ ಕಾನೂನೂ ಬಂತು. ಮಿದುಳಿನ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿ ಒಂದು ದಿನ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಬದುಕಬೇಕು. ಆಮೇಲೆ ತನ್ನ ಮಿದುಳಿನ ಚಿತ್ರದ ಮೇಲೆ ತಾನೇ ಗೆರೆ ಎಳೆಯಬೇಕು. ವೈದ್ಯರು ಆ ಗೆರೆ ದಾಟುವಂತಿಲ್ಲ. ರೋಗಿ ಬಾಯಿಬಿಟ್ಟು ಕೇಳದ ಹೊರತು ತಮ್ಮ ಅಭಿಪ್ರಾಯ ಹೇಳುವಂತೆಯೂ ಇಲ್ಲ.

ಕೆದಿಲಾಯರು ಪಟ್ಟಿಯನ್ನು ಹಿಲ್ಡಾಳ ಹಣೆಗೆ ಹೊಂದಿಸಿ, ಬಿಂದುವನ್ನು ಗುರುತಿಸಿ, ಮನೆಗೆ ಕಳಿಸಿದರು.

*

ಮಂಗಳೂರಿನ ಬೊಂದೇಲಿನಲ್ಲಿರುವ ಅವಳ ಮನೆಯಲ್ಲಿ ಇರುವವರು ಮೂವರು. ಹಿಲ್ಡಾ, ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟಿರುವ ಆಲ್ಬನ್, ಹಿಲ್ಡಾಳ ತಾಯಿ ಸೆವ್ರಿನ್. ಸೆವ್ರಿನ್‌ಗೆ ಕನ್ನಡ ಅಷ್ಟಕ್ಕಷ್ಟೆ. ತುಳು ಬರುತ್ತದೆ, ಆದರೆ ಅದು ಅವರಿಗೆ ಗೇಟಿನಾಚೆಯ ಭಾಷೆ.

ಪಟ್ಟಿಯ ಗುಂಡಿ ಒತ್ತಿದಾಗ ಹಿಲ್ಡಾಗೆ ಏನೂ ಅನಿಸಲಿಲ್ಲ. ತಾಯಿ ಅಡುಗೆಮನೆಯಿಂದ ಏನೋ ಹೇಳಿದರು. ದನಿ ಅವರದ್ದೇ, ಏರಿಳಿತವೂ ಅವರದ್ದೇ. ಆದರೆ ಒಂದು ಪದವೂ ನಿಲ್ಲಲಿಲ್ಲ, ಎಲ್ಲ ಜಾರಿಹೋಯಿತು. ಇನ್ನೊಮ್ಮೆ ಹೇಳು ಎನ್ನಬೇಕೆಂದು ಹಿಲ್ಡಾ ಬಾಯಿ ತೆರೆದಳು. ಹೊರಗೆ ಬಂದದ್ದು ಕನ್ನಡ.

ಸೆವ್ರಿನ್ ಮೊದಲು ಗಟ್ಟಿಯಾಗಿ ಹೇಳಿ ನೋಡಿದರು. ಆಮೇಲೆ ನಿಧಾನವಾಗಿ. ಕೊನೆಗೆ ತುಳುವಿಗೆ ತಿರುಗಿದರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ವಿಚಿತ್ರವಾದ ಮರ್ಯಾದೆ ನೆಲೆಸಿತು. ಮೀನು ತರುವ ಹೆಂಗಸಿನ ಹತ್ತಿರ ಮಾತಾಡುವ ಹಾಗೆ ಸೆವ್ರಿನ್ ಮಗಳ ಹತ್ತಿರ ಮಾತಾಡಿದರು. ಗಂಜಿಗೆ ಉಪ್ಪು ಸಾಕೇ ಎಂದು ವಿಚಾರಿಸಿದರು. ಬಿಸಿಲು ಜೋರಿದೆ ಎಂದರು. ಮಗಳ ಕೂದಲು ಬಾಚಿಲ್ಲವೆಂದು ಒಮ್ಮೆಯೂ ಬೈಯಲಿಲ್ಲ.

ಮಧ್ಯಾಹ್ನ ಆಲ್ಬನ್ ಅಂಗಡಿ ಮುಚ್ಚಿ ಬಂದ. ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಸಣ್ಣ ವಿಷಯಕ್ಕೆ ಜಗಳ ಬಂತು.

"ಗ್ಯಾಸಿನವನಿಗೆ ಫೋನ್ ಮಾಡ್ಲಿಕ್ಕೆ ಹೇಳಿದ್ದೆ ಅಲ್ವಾ? ಮಾಡಿದ್ಯಾ?" ಎಂದು ಆಲ್ಬನ್ ಕೇಳಿದ.

"ಇಲ್ಲ. ನೀನು ನನ್ನ ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳಬೇಕು," ಎಂದಳು ಹಿಲ್ಡಾ.

ಆಲ್ಬನ್ ಅವಳನ್ನೇ ನೋಡಿದ. "ಇದೆಂತ ಮಾರಾಯ್ತಿ, ಹೆಡ್‌ಮಾಸ್ಟ್ರ ಹತ್ರ ರಜೆ ಕೇಳುವ ಹಾಗೆ ಮಾತಾಡ್ತೀ."

ಇಬ್ಬರೂ ನಕ್ಕರು. ಜಗಳ ಅಲ್ಲಿಗೇ ನಿಂತಿತು. ಆದರೆ ಅದು ಮುಗಿದು ನಿಂತದ್ದಲ್ಲ, ಮುಂದುವರಿಸಲು ಪದ ಸಿಗದೆ ನಿಂತದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಸಂಜೆ ಪಟ್ಟಿ ಬಿಚ್ಚಿದಾಗ ತಾಯಿ ಹಿತ್ತಲಲ್ಲಿ ಬೆಕ್ಕನ್ನು ಗದರುತ್ತಿದ್ದರು. ಹಿಲ್ಡಾ ಬಾಗಿಲ ಬಳಿ ನಿಂತು, ಬೈಗುಳ ಮುಗಿಯುವವರೆಗೂ ಕೇಳಿಸಿಕೊಂಡಳು.

*

ಗೆರೆ ಎಳೆಯುವ ದಿನ ಕೆದಿಲಾಯರು ಚಿತ್ರವನ್ನು ಮೇಜಿನ ಮೇಲಿನ ಪರದೆಗೆ ತಂದು, ಅದರ ಮೇಲೆ ಬರೆಯುವ ಕಡ್ಡಿಯನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಕೆಳಗಿಟ್ಟಳು.

"ಡಾಕ್ಟ್ರೆ, ನಿಮ್ಮ ಅಭಿಪ್ರಾಯ ಎಂತ? ನಾನು ಬಾಯಿಬಿಟ್ಟು ಕೇಳ್ತಾ ಇದ್ದೇನೆ."

"ಪೂರ್ತಿ ತೆಗೀಬೇಕು," ಎಂದರು ಕೆದಿಲಾಯರು ತಡವಿಲ್ಲದೆ. "ಬಿಟ್ರೆ ಕೆಲವು ವರ್ಷದಲ್ಲಿ ವಾಪಸ್ ಬೆಳೀತದೆ. ಆಗ ಕೊಂಕಣಿ ಮಾತ್ರ ಅಲ್ಲ, ಕನ್ನಡಕ್ಕೂ ಬಲಗೈಗೂ ತೊಂದರೆ ಆಗ್ಬಹುದು. ಜೀವಕ್ಕೇ ಆಗ್ಬಹುದು. ನಿಮ್ಮ ಹತ್ರ ಇನ್ನೆರಡು ಭಾಷೆ ಉಂಟು. ಜೀವ ಒಂದೇ."

"ನಿಮ್ಮ ಮನೆಮಾತು ತುಳು ಅಲ್ವಾ?"

"ಹೌದು."

"ನಿಮ್ಮದೇ ತಲೆ ಆಗಿದ್ರೆ?"

"ತುಳು ಬಿಟ್ಟುಬಿಡ್ತಿದ್ದೆ."

"ಪಟ್ಟಿ ಕಟ್ಟಿ ನೋಡಿದ್ದೀರಾ?"

ಕೆದಿಲಾಯರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ, ಕಾನೂನು ಬಿಟ್ಟುಕೊಟ್ಟ ಜಾಗದಲ್ಲೇ ನಿಂತು, ತಮಗೆ ಗೊತ್ತಿದ್ದ ಇನ್ನೊಂದು ಮಾತನ್ನೂ ಹೇಳಿದರು. "ಪಟ್ಟಿ ಮೊದಲ ದಿನವನ್ನು ಮಾತ್ರ ತೋರಿಸ್ತದೆ, ಟೀಚರ್. ಒಂದು ವರ್ಷ ಆದ ಮೇಲಿನ ದಿನವನ್ನು ತೋರಿಸುದಿಲ್ಲ. ಮನುಷ್ಯರು ಒಗ್ಗಿಕೊಳ್ತಾರೆ. ನಾನು ಎಷ್ಟೋ ಜನರನ್ನು ನೋಡಿದ್ದೇನೆ."

"ಒಗ್ಗುದು ನಾನು. ಅಮ್ಮನಿಗೆ ಯಾರು ಒಗ್ಗಿಸುದು? ನಿನ್ನೆ ಅವರು ನನ್ನನ್ನು ನೆಂಟರ ಹಾಗೆ ನೋಡಿಕೊಂಡ್ರು. ಇಡೀ ದಿನ ಒಂದು ಸಲ ಬೈಲಿಲ್ಲ." ಹಿಲ್ಡಾ ಕಡ್ಡಿ ಎತ್ತಿಕೊಂಡಳು. "ನೀವು ಹೇಳಿದ್ದು ಸುಳ್ಳು ಅಂತ ನಾನು ಹೇಳುದಿಲ್ಲ. ಆದ್ರೆ ನನಗೆ ಬೇಡ."

ಅವಳು ಕೊಂಕಣಿಯ ಚುಕ್ಕೆಯನ್ನು ಹೊರಗಿಟ್ಟು, ಗಡ್ಡೆಯನ್ನು ಹೆಚ್ಚುಕಡಿಮೆ ಎರಡು ಪಾಲು ಮಾಡುವ ಹಾಗೆ ಗೆರೆ ಎಳೆದಳು. ಪಾಠ ಹೇಳುವವಳ ಕೈ, ಗೆರೆ ಎಲ್ಲೂ ನಡುಗಲಿಲ್ಲ.

*

ಶಸ್ತ್ರಚಿಕಿತ್ಸೆ ಬೆಳಿಗ್ಗೆ ನಡೆಯಿತು. ಮಿದುಳಿಗೆ ನೋವು ತಿಳಿಯುವುದಿಲ್ಲವಾದ್ದರಿಂದ ಚರ್ಮಕ್ಕಷ್ಟೇ ಅರಿವಳಿಕೆ ಕೊಟ್ಟು, ರೋಗಿಯನ್ನು ಎಚ್ಚರದಲ್ಲೇ ಇಟ್ಟಿದ್ದರು. ಹಿಲ್ಡಾಳ ತಲೆ ಚೌಕಟ್ಟಿನಲ್ಲಿ ಬಿಗಿಯಾಗಿತ್ತು. ಕೊಂಕಣಿ ಬಲ್ಲ ನರ್ಸ್ ಲವೀನಾ ಅವಳ ಮುಖದೆದುರು ಒಂದೊಂದೇ ಚಿತ್ರ ಹಿಡಿಯುತ್ತಿದ್ದಳು. ಹಿಲ್ಡಾ ಅದರ ಹೆಸರು ಹೇಳಬೇಕು.

"ಉದಾಕ್," ಎಂದಳು ಹಿಲ್ಡಾ ನೀರಿನ ಚಿತ್ರಕ್ಕೆ. ಮೀನಿಗೆ "ಮಾಸ್ಳಿ," ತೆಂಗಿನಕಾಯಿಗೆ "ನಾರ್ಲ್."

ಕೆದಿಲಾಯರು ಗೆರೆಯ ತನಕ ಬಂದರು. ಸೂಕ್ಷ್ಮದರ್ಶಕದಲ್ಲಿ ಗೆರೆಯಾಚೆಯ ಗಡ್ಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೂದು ಬಣ್ಣದ, ಸುತ್ತಲಿನದಕ್ಕಿಂತ ತುಸು ಗಟ್ಟಿಯಾದ ಭಾಗ. ಕೈಯಲ್ಲಿದ್ದ ಹೀರುನಳಿಕೆಯನ್ನು ಇನ್ನೊಂದು ಅಕ್ಕಿಕಾಳಿನಷ್ಟು ಮುಂದಕ್ಕೆ ಒಯ್ದರೆ ಸಾಕಿತ್ತು. ಅಷ್ಟು ತೆಗೆದದ್ದು ಆಮೇಲೆ ಯಾವ ಚಿತ್ರದಲ್ಲೂ ಕಾಣುವಂಥದ್ದಲ್ಲ, ಊತದಲ್ಲಿ ಮುಚ್ಚಿಹೋಗುತ್ತದೆ. ಕೆಲವು ಪದಗಳು ಹೋಗುತ್ತಿದ್ದವು, ಕೆಲವು ವರ್ಷಗಳು ಸಿಗುತ್ತಿದ್ದವು. ಇಪ್ಪತ್ತೈದು ವರ್ಷದ ಅನುಭವ ಅವರ ಬೆರಳುಗಳಲ್ಲಿತ್ತು, ಅದು ಮುಂದೆ ಹೋಗು ಎನ್ನುತ್ತಿತ್ತು.

"ಎಲ್ಲ ಸರಿ ಉಂಟಾ, ಡಾಕ್ಟ್ರೆ?" ಎಂದು ಹಿಲ್ಡಾ ಕನ್ನಡದಲ್ಲಿ ಕೇಳಿದಳು. ಕೋಣೆಯಲ್ಲಿ ಸದ್ದು ನಿಂತದ್ದು ಅವಳಿಗೆ ತಿಳಿದಿತ್ತು.

"ಸರಿ ಉಂಟು," ಎಂದರು ಕೆದಿಲಾಯರು. ನಳಿಕೆಯನ್ನು ಹಿಂದಕ್ಕೆ ತೆಗೆದರು. "ಇಲ್ಲಿಗೆ ಸಾಕು."

ಆ ದಿನ ಅವರು ಊಟ ಮಾಡದೆ ಮನೆಗೆ ಹೋದರು. ಮಾಡಬೇಕಾದದ್ದನ್ನು ಮಾಡಿದ ಸಮಾಧಾನವೂ ಮಾಡಬಹುದಾಗಿದ್ದುದನ್ನು ಬಿಟ್ಟ ಸಂಕಟವೂ ಒಟ್ಟಿಗೆ ಇದ್ದವು. ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ.

*

ಹಿಲ್ಡಾ ಶಾಲೆಗೆ ಮರಳಿದ ಮೇಲೆ ಕೆದಿಲಾಯರು ಅವಳನ್ನೂ ಆಲ್ಬನ್‌ನನ್ನೂ ಮತ್ತೆ ಕರೆಸಿದರು. ಅವರ ತಲೆಯಲ್ಲಿ ಮೊದಲಿನಿಂದಲೂ ಒಂದು ದಾರಿ ಇತ್ತು, ಆದರೆ ಅಪಾಯ ಹೆಚ್ಚೆಂದು ಅದನ್ನು ಬದಿಗಿಟ್ಟಿದ್ದರು. ಪೂರ್ತಿ ತೆಗೆಯುವುದು ಒಂದೇ ಸರಿ ಎಂದು ನಂಬಿದ್ದಾಗ ಅದು ಬೇಕಾಗಿರಲಿಲ್ಲ. ಅವಳು ಗೆರೆ ಎಳೆದ ಮೇಲೆ ಬೇಕಾಯಿತು.

"ದಿನಾ ಸ್ವಲ್ಪ ಹೊತ್ತು ಪಟ್ಟಿ ಕಟ್ಟಿದ್ರೆ ಆ ಜಾಗ ಕೆಲಸ ಮಾಡುದಿಲ್ಲ. ರಸ್ತೆ ಬಂದ್ ಆದ್ರೆ ಜನ ಗದ್ದೆಬದುವಿನಲ್ಲಿ ಹೋಗ್ತಾರಲ್ವಾ, ಹಾಗೆ ಮಿದುಳು ಬೇರೆ ದಾರಿ ಹುಡುಕಬಹುದು. ಕೊಂಕಣಿ ನಿಧಾನಕ್ಕೆ ಬೇರೆ ಕಡೆ ಹೋಗಿ ಕೂತ್ಕೊಂಡ್ರೆ, ಆಮೇಲೆ ಉಳಿದ ಗಡ್ಡೆ ತೆಗೀಬಹುದು."

"ಕೂತ್ಕೊಳ್ತದಾ?" ಎಂದ ಆಲ್ಬನ್.

"ಗೊತ್ತಿಲ್ಲ. ಕೆಲವರಲ್ಲಿ ಆಗಿದೆ. ಅಷ್ಟರಲ್ಲಿ ಗಡ್ಡೆ ಬೆಳೀಲೂಬಹುದು."

ಹಿಲ್ಡಾ ಕೇಳಿದಳು, "ಈ ಸಲ ನಿಮ್ಮ ಅಭಿಪ್ರಾಯ?"

"ಈ ಸಲ ನನಗೂ ಗೊತ್ತಿಲ್ಲ, ಟೀಚರ್."

ಆ ಉತ್ತರ ಅವಳಿಗೆ ಹಿಡಿಸಿತೋ ಏನೋ, ಒಪ್ಪಿಕೊಂಡಳು.

ಹೀಗೆ ಬೊಂದೇಲಿನ ಮನೆಯಲ್ಲಿ ಸಂಜೆಯ ಚಹಾ ಆದ ಮೇಲೆ ಒಂದು ಗಂಟೆ ಪಟ್ಟಿಯ ಹೊತ್ತಾಯಿತು. ತಿಂಗಳಿಗೊಮ್ಮೆ ತಾಯಿಯ ಜೊತೆ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರುವುದೂ ಶುರುವಾಯಿತು. ಮೊದಮೊದಲು ಸೆವ್ರಿನ್ ಆ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಮಳೆಗಾಲ ಬಂದು ಹಿತ್ತಲಿಗೆ ಹೋಗಲಾಗದೆ ಒಳಗೇ ಕುಳಿತರು. ಸುಮ್ಮನೆ ಕೂರಲಾಗದೆ ಕೊಂಕಣಿಯಲ್ಲೇ ಮಾತಾಡತೊಡಗಿದರು. ಮಗಳಿಗೆ ತಿಳಿಯದಿದ್ದರೆ ಅದು ಮಗಳ ಪಾಡು ಎಂಬ ಹಾಗೆ. ಬಸಳೆ ಸೋಸುತ್ತ, ಕೈಬಾಯಿ ತಿರುಗಿಸುತ್ತ, ಸತ್ತವರ ಬದುಕಿದವರ ಕತೆಯೆಲ್ಲ ಹೇಳಿದರು. ಹಿಲ್ಡಾ ಮುಖ ನೋಡಿ ಊಹಿಸುತ್ತಿದ್ದಳು, ತುಳುವಿನಲ್ಲಿ ಉತ್ತರಿಸುತ್ತಿದ್ದಳು, ತಪ್ಪಾದರೆ ತಾಯಿ ಅವಳ ಮೊಣಕೈಗೆ ತಟ್ಟುತ್ತಿದ್ದರು. ಆಲ್ಬನ್ ಕನ್ನಡದಲ್ಲಿ ಜಗಳವಾಡಲು ಕಲಿತ. ಪತ್ರಿಕೆಯ ಸಂಪಾದಕೀಯದಿಂದ ಎತ್ತಿಕೊಂಡ ಪದಗಳಿಂದ ಹೆಂಡತಿಯನ್ನು ಖಂಡಿಸುತ್ತಿದ್ದ. ಒಂದು ಸಂಜೆ ಜಗಳ ನಿಜವಾಗಿಯೂ ಬಿಸಿಯಾಗಿ, ಹಿಲ್ಡಾ ಬಾಗಿಲು ಬಡಿದು ಒಳಹೋದಳು. ಒಳಗೆ ಹೋದ ಮೇಲೆ ಅವಳಿಗೆ ಹೊಳೆಯಿತು, ಇಡೀ ಜಗಳ ಕನ್ನಡದಲ್ಲೇ ನಡೆದಿತ್ತು, ಎಲ್ಲೂ ಪದ ಸಿಗದೆ ನಿಂತಿರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಪಟ್ಟಿ ಕಟ್ಟಿದ್ದಾಗಲೂ ತಾಯಿಯ ಮಾತು ಅರ್ಥವಾಗತೊಡಗಿತು. ಮೊದಲು ಅಲ್ಲೊಂದು ಇಲ್ಲೊಂದು ಪದ, ಆಮೇಲೆ ವಾಕ್ಯ. ಆದರೆ ಆಡಲು ಮಾತ್ರ ಬರಲಿಲ್ಲ. ಆಡುವ ಕೊಂಕಣಿ ಹಳೆಯ ಜಾಗ ಬಿಟ್ಟು ಕದಲಲಿಲ್ಲ.

ಅದೇ ಸುಮಾರಿಗೆ ಒಂದು ಮಧ್ಯಾಹ್ನ ಹಲಗೆಯ ಮೇಲೆ ಬರೆಯುತ್ತಿದ್ದಾಗ ಅವಳ ಬಲಗೈ ಸೆಳೆದುಕೊಂಡು ಸೀಮೆಸುಣ್ಣ ಬಿತ್ತು. ಈ ಸಲ ಅವಳೂ ಬಿದ್ದಳು. ಹೊಸ ಚಿತ್ರದಲ್ಲಿ ಗಡ್ಡೆ ಕೈಯನ್ನು ಆಡಿಸುವ ಭಾಗದ ಕಡೆಗೆ ಸಣ್ಣ ಬೇರು ಬಿಟ್ಟಿತ್ತು.

*

"ಇನ್ನು ಕಾಯುದು ಬೇಡ," ಎಂದರು ಕೆದಿಲಾಯರು. ಪರದೆಯನ್ನು ಅವಳ ಕಡೆ ತಿರುಗಿಸಿ ಕಡ್ಡಿ ಕೊಟ್ಟರು.

ಹಿಲ್ಡಾ ತೆಗೆದುಕೊಳ್ಳಲಿಲ್ಲ. "ಈ ಸಲ ನೀವು ಎಳೀರಿ."

"ಕಾನೂನು—"

"ನಾನು ಎಳೀಲಿಕ್ಕೆ ಹೇಳಿದ್ರೆ ನೀವು ಎಳೀಬಹುದು. ಆಲ್ಬನ್ ಓದಿ ನೋಡಿದ್ದಾನೆ."

ಕೆದಿಲಾಯರು ಬಹಳ ಹೊತ್ತು ಚಿತ್ರ ನೋಡಿದರು. ಆಮೇಲೆ ಗೆರೆ ಎಳೆದರು. ಗಡ್ಡೆಯ ಬಹುಪಾಲು ಒಳಗೆ ಬಂತು, ಬೇರೂ ಬಂತು. ಆದರೆ ಕೊಂಕಣಿಯ ಚುಕ್ಕೆಯ ಬಳಿ ಗೆರೆ ಬಾಗಿ, ಅದನ್ನು ಸುತ್ತಿ, ಮುಂದೆ ಹೋಯಿತು.

ಹಿಲ್ಡಾ ಬಗ್ಗಿ ನೋಡಿದಳು. "ಇದೆಂತ ಡಾಕ್ಟ್ರೆ, ಇಷ್ಟು ಬಿಟ್ಟಿದ್ದೀರಿ?"

"ನಿಮಗೆ ಅದು ಬೇಕಿತ್ತಲ್ವಾ?"

"ನಾನು ಕೇಳಿದ್ದು ನಿಮ್ಮ ಗೆರೆ. ನನ್ನದಲ್ಲ."

"ನನ್ನದೇ ಇದು," ಎಂದರು ಕೆದಿಲಾಯರು. ಅವರ ದನಿಯಲ್ಲಿ ಸ್ವಲ್ಪ ಕಿರಿಕಿರಿಯಿತ್ತು. "ಒಂದು ವರ್ಷದಿಂದ ಪ್ರತಿ ತಿಂಗಳು ನಿಮ್ಮ ಅಮ್ಮ ಪರೀಕ್ಷೆಗೆ ಬಂದು ಕೂತ್ಕೊಳ್ತಾರೆ. ನೀವಿಬ್ಬರು ಮಾತಾಡುದನ್ನು ಹೊರಗಿನಿಂದ ಕೇಳಿದ್ದೇನೆ. ನನಗೆ ಒಂದು ಪದ ಅರ್ಥ ಆಗುದಿಲ್ಲ. ಆದ್ರೂ ಅದನ್ನು ತೆಗೀಲಿಕ್ಕೆ ನನಗೆ ಈಗ ಕೈ ಬರುದಿಲ್ಲ."

ಆಲ್ಬನ್ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಹಿಲ್ಡಾ ಕಡ್ಡಿಯನ್ನು ಡಾಕ್ಟರ ಕೈಯಿಂದ ತೆಗೆದುಕೊಂಡಳು. ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ, ಎಡಗೈಯ ಆಸರೆ ಬೇಕಾಯಿತು.

"ಅಮ್ಮ ಹೇಳುದು ನನಗೆ ಅರ್ಥ ಆಗ್ತದೆ. ಅದು ಬೇರೆ ಕಡೆ ಹೋಗಿ ಕೂತಿದೆ, ಅಲ್ವಾ? ಅದನ್ನು ಯಾರೂ ಮುಟ್ಟುದಿಲ್ಲ?"

"ಮುಟ್ಟುದಿಲ್ಲ."

"ಹಾಗಾದ್ರೆ ಸಾಕು. ನನ್ನ ಉತ್ತರ ತುಳುವಿನಲ್ಲಾದ್ರೆ ಅವರಿಗೀಗ ಬೇಜಾರಿಲ್ಲ. ಮೊದಲು ಇತ್ತು." ಅವಳು ಬಾಗಿದ ಗೆರೆಯನ್ನು ಅಳಿಸಿ, ಚುಕ್ಕೆಯನ್ನು ಒಳಗೆ ಸೇರಿಸಿ ಎಳೆದಳು. ಗೆರೆ ಅಲ್ಲಲ್ಲಿ ನಡುಗಿತು. "ಅವತ್ತೇ ನೀವು ಇದನ್ನು ತೆಗೆದಿದ್ರೆ ನಾನು ನಿಮ್ಮನ್ನು ಶಪಿಸ್ತಿದ್ದೆ, ಡಾಕ್ಟ್ರೆ."

"ಅವತ್ತೇ ತೆಗೆದಿದ್ರೆ ನಿಮ್ಮ ಕೈ ಹೀಗಾಗ್ತಿರಲಿಲ್ಲ."

"ಅದೂ ಹೌದು," ಎಂದಳು ಹಿಲ್ಡಾ.

*

ಎರಡನೇ ಶಸ್ತ್ರಚಿಕಿತ್ಸೆ ದೀರ್ಘವಾಗಿತ್ತು. ಗಡ್ಡೆ ಪೂರ್ತಿ ಬಂತು. ಆಮೇಲಿನ ಚಿತ್ರಗಳಲ್ಲಿ ಅದರ ಸುಳಿವಿಲ್ಲ. ಬಲಗೈಯ ಬೆರಳುಗಳು ಮೊದಲಿನಂತಾಗಲಿಲ್ಲ. ಹಿಲ್ಡಾ ಎಡಗೈಯಲ್ಲಿ ಹಲಗೆಗೆ ಬರೆಯುತ್ತಾಳೆ, ಒತ್ತಕ್ಷರಗಳು ಸಾಲು ಬಿಟ್ಟು ಕೆಳಗಿಳಿಯುತ್ತವೆ. ಕೊಂಕಣಿ ಕೇಳಿದರೆ ತಿಳಿಯುತ್ತದೆ. ಆಡಲು ಹೋದರೆ ಬಾಯಿಗೆ ಏನೂ ಬರುವುದಿಲ್ಲ. ಕಷ್ಟಪಟ್ಟು ಹುಡುಕಿದರೂ ಇಲ್ಲ, ಅಲ್ಲಿ ಹುಡುಕುವುದಕ್ಕೇ ಏನೂ ಇಲ್ಲ.

ಆಸ್ಪತ್ರೆಯಿಂದ ಬಂದ ಮೊದಲ ಸಂಜೆ ಮನೆಯವರು ಜಪಸರಕ್ಕೆ ಮೊಣಕಾಲೂರಿದರು. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಉಳಿದವರು ಕೊನೆಯರ್ಧ. ಸೆವ್ರಿನ್ ಒಂದು ಸುತ್ತು ಹೇಳಿದರು, ಆಲ್ಬನ್ ಒಂದು ಸುತ್ತು. ಮುಂದಿನದು ಹಿಲ್ಡಾಳದ್ದು. ಅವಳನ್ನು ಬಿಟ್ಟು ತಾನೇ ಮುಂದುವರಿಸಲೆಂದು ಆಲ್ಬನ್ ಉಸಿರೆಳೆದ. ಅಷ್ಟರಲ್ಲಿ ಹಿಲ್ಡಾ ಪ್ರಾರ್ಥನೆ ಶುರುಮಾಡಿದಳು, ಕೊಂಕಣಿಯಲ್ಲಿ. ಒಂದು ಪದ ತಪ್ಪಲಿಲ್ಲ. ಉಸಿರು ನಿಲ್ಲಿಸುವ ಜಾಗ ಕೂಡ ಚಿಕ್ಕಂದಿನದೇ. ಸೆವ್ರಿನ್ ಉತ್ತರದ ಅರ್ಧ ಹೇಳುವುದನ್ನು ಮರೆತು, ಮಗಳ ಭುಜ ಹಿಡಿದು ಏನೇನೋ ಕೇಳತೊಡಗಿದರು. ಬಂತಾ, ವಾಪಸ್ ಬಂತಾ, ಇನ್ನೂ ಹೇಳು. ಹಿಲ್ಡಾಗೆ ಎಲ್ಲವೂ ಅರ್ಥವಾಯಿತು. ಉತ್ತರಿಸಲು ಬಾಯಿ ತೆರೆದಳು, ಬಂದದ್ದು ತುಳು.

ಮರುದಿನ ಅವಳು ಕೆದಿಲಾಯರಿಗೆ ಫೋನ್ ಮಾಡಿದಳು. ಅವರು ಹೇಳಿದರು, "ಬಾಯಿಪಾಠ ಮಾಡಿದ್ದು ಬೇರೆ ಕಡೆ ಇರ್ತದೆ, ಟೀಚರ್. ಬಲಭಾಗದಲ್ಲಿ ಇರ್ಬೇಕು. ಪ್ರಾರ್ಥನೆ, ಹಾಡು, ಮಗ್ಗಿ, ಅಂಥದ್ದೆಲ್ಲ. ಅದು ಭಾಷೆ ಅಲ್ಲ, ಅಭ್ಯಾಸ. ಅದರಿಂದ ಮಾತು ವಾಪಸ್ ಬರ್ತದೆ ಅಂತ ಅಮ್ಮನಿಗೆ ಆಸೆ ಹುಟ್ಟಿಸ್ಬೇಡಿ."

"ಇಲ್ಲ, ಅವರಿಗೆ ಹೇಳಿದ್ದೇನೆ," ಎಂದಳು ಹಿಲ್ಡಾ. "ಇದು ಉಳೀತದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿರಬೇಕಿತ್ತು. ನಾನು ಯೋಚನೆ ಮಾಡ್ಲಿಲ್ಲ."

"ನಾನೂ ಮಾಡ್ಲಿಲ್ಲ. ನಾವಿಬ್ರೂ ಅಷ್ಟು ಜಗಳ ಮಾಡಿದ್ದೇವೆ, ಈ ಪ್ರಾರ್ಥನೆಯನ್ನು ಇಟ್ಕೊಳ್ಳುದಾ ಬಿಡುದಾ ಅಂತ ಯಾರೂ ಕೇಳ್ಲಿಲ್ಲ, ನೋಡಿ."

ಅತ್ತ ಕೆದಿಲಾಯರು ನಕ್ಕ ಸದ್ದು ಕೇಳಿಸಿತು. ಅವರು ನಗುವುದನ್ನು ಹಿಲ್ಡಾ ಅದೇ ಮೊದಲು ಕೇಳಿದ್ದು. ಒಳಗಿನಿಂದ ಸೆವ್ರಿನ್ ಮಗಳನ್ನು ಕೂಗಿದರು, ಹಾಲು ಉಕ್ಕುತ್ತಿದೆ, ಫೋನ್ ಹಿಡಿದರೆ ಮನೆ ಮರೆತೇಹೋಗುತ್ತದೆ ನಿನಗೆ ಎಂದು ಕೊಂಕಣಿಯಲ್ಲಿ ಚೆನ್ನಾಗಿ ಬೈದರು. ಹಿಲ್ಡಾ ಫೋನ್ ಇಟ್ಟು ಒಳಗೆ ಹೋದಳು.